ಹಳೇ ಟ್ಯಾಂಕಿನ ಬಣ್ಣದ ಕಲ್ಲು ತೆಗೆದು ಮರಳು ಹಾಕಬೇಕು, ಮೀನು ಸಾಯಬಾರದು. ಹೇಗೆ?

ವಿನೋಬನಗರ_ಟ್ಯಾಂಕ್
ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ. ಮನೆಯಲ್ಲಿ ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇದೆ. ಮಾವನವರು ಕೂರಿಸಿದ್ದು, ಈಗ ನೋಡಿಕೊಳ್ಳೋದು ನಾನು ಮತ್ತು ಮಗಳು. ಮೀನು ಸಾಯೋದು ಬಹಳ ಅಪರೂಪ. ತಳದಲ್ಲಿ ನೀಲಿ ಬಣ್ಣದ ಕಲ್ಲು, ಅದರ ಜೊತೆ ಬಿಳಿ ಚಿಪ್ಸ್ ಬೆರಕೆ. ನೀಲಿ ಬಣ್ಣ ಅಲ್ಲಲ್ಲಿ ಸುಲಿಯುತ್ತಿದೆ. ಅದಕ್ಕಿಂತ ದೊಡ್ಡ ಚಿಂತೆ ಕೋರಿಡೋರಾಸ್‌ಗಳದ್ದು, ತಳದಲ್ಲೇ ಓಡಾಡುವ ಮೀಸೆ ಮೀನು. ಅವುಗಳ ಮೀಸೆ ಸವೆದು ಮೊಂಡಾಗಿದೆ. ಜೊತೆಗೆ ಒಂದು ಗುಂಪು ನಿಯಾನ್ ಟೆಟ್ರಾ, ನಾಲ್ಕು ಮೋಲಿ, ಒಂದು ಸಕ್ಕರ್ ಫಿಶ್ ಇವೆ.

ಮರಳು ಹಾಕೋಣ ಅಂತ ಮಗಳ ಹಟ. ಅಂಗಡಿಯವರು, "ಎಲ್ಲ ಖಾಲಿ ಮಾಡಿ, ತೊಳೆದು, ಹೊಸದಾಗಿ ಕೂರಿಸಿ, ಎರಡು ಗಂಟೆ ಕೆಲಸ" ಅಂದರು. ಮಾವ, "ಅದರ ತಂಟೆಗೇ ಹೋಗಬೇಡಿ" ಅಂತಾರೆ. ಯಾರ ಮಾತು ಕೇಳಬೇಕು? ಮತ್ತೆ ಒಳ್ಳೆ ಮರಳು ಇಲ್ಲಿ ಎಲ್ಲಿ ಸಿಗುತ್ತೆ?

ಹಳೇ_ಗಪ್ಪಿ
ಮಾವನ ಮಾತು ಕೇಳಿ. ಮುಗೀತು.

ಕೊಪ್ಪದ_ಕಪ್ಪೆ
ಮಾವನ ಮಾತು ಕೇಳಿದರೆ ಈ ಚರ್ಚೆನೇ ಇರಲ್ವಲ್ಲ ಸಾರ್. ಬರೀಲಿ ಬಿಡಿ.

ಗೋಪಾಳ_ಗೋಲ್ಡ್‌ಫಿಶ್
ಅಂಗಡಿಯವರು ಹೇಳಿದ್ದೇ ಸರಿ. ನಾವು ಮೊದಲಿಂದ ಹಾಗೇ ಮಾಡೋದು. ಮೀನು ಬಕೆಟ್‌ಗೆ, ಕಲ್ಲು ನಲ್ಲಿ ಕೆಳಗೆ, ಗಾಜು ಉಜ್ಜಿ ಹೊಸ ನೀರು. ಏನೂ ಆಗಲ್ಲ. ಒಂದೊಂದು ಸಲ ಒಂದೆರಡು ಮೀನು ಹೋಗುತ್ತವೆ, ಅದು ಎಲ್ಲರಿಗೂ ಆಗುತ್ತೆ.

ಭದ್ರಾವತಿ_ಫಿಲ್ಟರ್
"ಒಂದೆರಡು ಮೀನು ಹೋಗುತ್ತವೆ" ಅಂತ ನೀವೇ ಹೇಳಿ "ಏನೂ ಆಗಲ್ಲ" ಅಂತೀರಲ್ಲ ಅಣ್ಣ. ಅವು ಸುಮ್ನೆ ಸಾಯಲ್ಲ. ಮೀನಿನ ಕಿವಿರಿಂದ, ಹಿಕ್ಕೆಯಿಂದ, ಉಳಿದ ಆಹಾರದಿಂದ ಅಮೋನಿಯಾ ಬರುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ. ಇನ್ನೊಂದು ಬಗೆಯದ್ದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ. ಮೂರನೆಯದನ್ನು ನಾವು ವಾರ ವಾರ ನೀರು ಬದಲಾಯಿಸಿ ಹೊರಗೆ ಹಾಕುತ್ತೇವೆ. ಈ ಬ್ಯಾಕ್ಟೀರಿಯಾ ನೀರಲ್ಲಿ ತೇಲಾಡಿಕೊಂಡು ಇರೋದು ತೀರಾ ಕಮ್ಮಿ. ಕಲ್ಲು, ಸ್ಪಂಜು, ಗಾಜು, ಗಿಡದ ಎಲೆ, ಹೀಗೆ ಎಲ್ಲಿ ಮೇಲ್ಮೈ ಸಿಗುತ್ತದೋ ಅಲ್ಲಿ ಅಂಟಿಕೊಂಡು ಕೂರುತ್ತವೆ. ನೀವು ಒಂದೇ ದಿನ ಕಲ್ಲನ್ನೂ ಫಿಲ್ಟರನ್ನೂ ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ತೊಳೆದರೆ ಆ ಸೈನ್ಯವೇ ಖಾಲಿ. ಹೊಸದಾಗಿ ಬೆಳೆಯೋದಕ್ಕೆ ನಾಲ್ಕರಿಂದ ಆರು ವಾರ ಬೇಕು. ನಿಮ್ಮ "ಒಂದೆರಡು ಮೀನು" ಹೋಗೋದು ಆ ಗ್ಯಾಪಲ್ಲಿ.

ವಿನೋಬನಗರ ಅವರೇ, ಮೊದಲು ಒಂದು ವಿಷಯ ಹೇಳಿ. ಫಿಲ್ಟರ್ ಯಾವುದು? ನೀವು ಬರೆದದ್ದರಲ್ಲಿ ಅದೊಂದೇ ಇಲ್ಲ.

ವಿನೋಬನಗರ_ಟ್ಯಾಂಕ್
ಒಳಗೆ ಗಾಜಿಗೆ ಅಂಟಿಸುವ ಸಣ್ಣ ಪವರ್ ಫಿಲ್ಟರ್ ಇದೆ. ಏರ್ ಪಂಪ್ ಬೇರೆ ಇದೆ.

ಭದ್ರಾವತಿ_ಫಿಲ್ಟರ್
ಹಾಗಾದರೆ ಸುಲಭ. ಫಿಲ್ಟರ್ ಸ್ಪಂಜನ್ನು ಮುಟ್ಟಬೇಡಿ. ಅರ್ಧ ಕಲ್ಲು ಈಗ ತೆಗೆಯಿರಿ, ಎರಡು ವಾರ ಬಿಟ್ಟು ಇನ್ನರ್ಧ.

ಸಾಗರದಕ್ಕ
ಅರ್ಧ ಅರ್ಧ ಅನ್ನೋದು ಕೇಳೋದಕ್ಕೆ ಚಂದ. ಕಲ್ಲಿಂದ ಕಲ್ಲಿಗೆ ಬದಲಾಯಿಸೋದಾದರೆ ನಡೆಯುತ್ತದೆ. ಆದರೆ ಇವರು ಹಾಕ್ತಿರೋದು ಮರಳು. ಪಕ್ಕದಲ್ಲಿ ದಪ್ಪ ಕಲ್ಲಿದ್ದರೆ ಮರಳೆಲ್ಲ ಅದರ ಸಂದಿಗೆ ಇಳಿದು ಅಡಿಗೆ ಹೋಗುತ್ತದೆ, ಕಲ್ಲು ಮೇಲೆ ಬರುತ್ತದೆ. ಆಮೇಲೆ ಎರಡನ್ನೂ ಬೇರೆ ಮಾಡೋ ಹೊತ್ತಿಗೆ ಜೀವ ಹೋಗುತ್ತದೆ, ಮೀನಿನದ್ದಲ್ಲ, ನಿಮ್ಮದು. ನಡುವೆ ಒಂದು ಗಾಜಿನ ಪಟ್ಟಿಯನ್ನೋ ದಪ್ಪ ಪ್ಲಾಸ್ಟಿಕ್ ಹಾಳೆಯನ್ನೋ ಅಡ್ಡ ನಿಲ್ಲಿಸಿದರೆ ಮಾತ್ರ ಆ ಉಪಾಯ ಸರಿ.

ಭದ್ರಾವತಿ_ಫಿಲ್ಟರ್
ಒಪ್ಪಿದೆ ಅಕ್ಕ. ಅಡ್ಡಪಟ್ಟಿ ಹಾಕಲಿ.

ಶೃಂಗೇರಿ_ಸೊಪ್ಪು
ಮೀಸೆ ವಿಷಯಕ್ಕೆ ಒಂದು ಮಾತು. ಕೋರಿಗಳ ಮೀಸೆ ಸವೆಯೋದು ಕಲ್ಲು ಚೂಪಾಗಿರೋದರಿಂದ ಮಾತ್ರ ಅಲ್ಲ. ತಳದಲ್ಲಿ ಕೊಳೆ ಕೂತು, ಅದರಲ್ಲೇ ದಿನಾ ಮೂತಿ ಇಟ್ಟರೆ ಸೋಂಕಾಗಿ ಮೀಸೆ ಕರಗುತ್ತದೆ. ದಪ್ಪ ಕಲ್ಲಿನ ಸಂದಿಯಲ್ಲಿ ಆಹಾರ ಇಳಿದು ಕೊಳೆಯುತ್ತದೆ, ಮರಳಿನಲ್ಲಿ ಮೇಲೇ ಉಳಿಯುತ್ತದೆ. ಅದಕ್ಕೇ ಮರಳು ಒಳ್ಳೇದು. ಆದರೆ ಮರಳು ಹಾಕಿದ ಮೇಲೆ ಸೈಫನ್ ಮಾಡೋದನ್ನು, ಅಂದರೆ ಪೈಪಲ್ಲಿ ತಳದ ಕೊಳೆ ಎಳೆದು ತೆಗೆಯೋದನ್ನು ನಿಲ್ಲಿಸಿದರೆ ಮೀಸೆ ವಾಪಸ್ ಬರಲ್ಲ. ತಳ ಚೊಕ್ಕಟ ಇದ್ದರೆ ಎಷ್ಟೋ ಸಲ ಪುನಃ ಬೆಳೆಯುತ್ತದೆ.

ತೀರ್ಥಳ್ಳಿ_ಮಾಣಿ
ಮರಳು ಎಲ್ಲಿ ಸಿಗುತ್ತೆ ಅಂತ ಕೇಳ್ತೀರಲ್ಲ ಮಾರಾಯ್ರೆ! ತುಂಗೆ ಪಕ್ಕದಲ್ಲೇ ಇದ್ದುಕೊಂಡು? ಒಂದು ಚೀಲ ತಂದರೆ ಆಯ್ತು.

ನಿರ್ವಾಹಕ
ಹೊಳೆಯಿಂದ ಅನುಮತಿ ಇಲ್ಲದೆ ಮರಳು ತೆಗೆಯೋದು ಕಾನೂನಿಗೆ ವಿರುದ್ಧ. ಮಳೆಗಾಲದಲ್ಲಂತೂ ಮರಳು ತೆಗೆಯೋದಕ್ಕೇ ಅವಕಾಶ ಇಲ್ಲ. ಇಲ್ಲಿ ಅಂಥ ಸಲಹೆ ಬೇಡ.

ತೀರ್ಥಳ್ಳಿ_ಮಾಣಿ
ಅಯ್ಯೋ, ನಾನು ಲಾರಿ ತುಂಬಿಸಿ ಅಂದೆನಾ? ಸರಿ, ಬಿಡಿ. ಈಗ ಹೊಳೆ ನೋಡಿದರೆ ಮರಳು ಕಾಣೋದೂ ಇಲ್ಲ, ಕೆಂಪು ನೀರು ತುಂಬಿ ಹರಿಯುತ್ತಿದೆ. ಮನೆ ಕಟ್ಟಿಸುವವರ ಹತ್ತಿರ ಉಳಿದ ಹೊಳೆ ಮರಳು ಇರುತ್ತದಲ್ಲ, ಅದರಲ್ಲಿ ಅರ್ಧ ಚೀಲ ಕೇಳಿದರೆ ಯಾರೂ ಬೇಡ ಅನ್ನಲ್ಲ. ಎಂ ಸ್ಯಾಂಡ್ ಮಾತ್ರ ತರಬೇಡಿ.

ಗೋಪಾಳ_ಗೋಲ್ಡ್‌ಫಿಶ್
ಎಂ ಸ್ಯಾಂಡ್‌ಗೆ ಏನಾಗಿದೆ? ಅದೂ ಕಲ್ಲೇ ತಾನೆ.

ತೀರ್ಥಳ್ಳಿ_ಮಾಣಿ
ಕಲ್ಲೇ, ಆದರೆ ಕ್ರಷರ್‌ನಲ್ಲಿ ಪುಡಿ ಮಾಡಿದ್ದು. ಅಂಚೆಲ್ಲ ಚೂಪು. ಮೀಸೆ ಉಳಿಸೋಕೆ ಅಂತ ಮರಳು ಹಾಕೋರು ಅದನ್ನೇ ಹಾಕಿದರೆ ಎಂತ ಪ್ರಯೋಜನ? ಮತ್ತೆ ಅದರಲ್ಲಿ ಕಲ್ಲಿನ ಹಿಟ್ಟು ಜಾಸ್ತಿ. ಎಷ್ಟು ತೊಳೆದರೂ ಹಾಲಿನ ಬಣ್ಣದ ನೀರು ಬರುತ್ತಲೇ ಇರುತ್ತದೆ. ಹೊಳೆ ಮರಳು ನೀರಲ್ಲಿ ಉರುಳಿ ಉರುಳಿ ನುಣುಪಾಗಿರುತ್ತದೆ.

ಬೆಂಗ್ಳೂರಲ್ಲಿರೋ_ಶಿವಮೊಗ್ಗದವ
ಅಂಗಡಿಯಲ್ಲಿ ಸಿಗುವ ಆಕ್ವಾ ಸಾಯಿಲ್, ಅದೇ ಟ್ಯಾಂಕಿಗೆಂದೇ ಮಾಡಿದ ಮಣ್ಣಿನ ಕಾಳು, ಹಾಕಿಬಿಡಿ, ಗಿಡಕ್ಕೂ ಒಳ್ಳೇದು.

ಶೃಂಗೇರಿ_ಸೊಪ್ಪು
ಮೀನು ಇರುವ ಟ್ಯಾಂಕಿಗೆ ಬೇಡವೇ ಬೇಡ. ಹೊಸ ಆಕ್ವಾ ಸಾಯಿಲ್ ಶುರುವಿನ ಕೆಲವು ವಾರ ತಾನೇ ಅಮೋನಿಯಾ ಬಿಡುತ್ತದೆ. ಖಾಲಿ ಟ್ಯಾಂಕಲ್ಲಿ ಗಿಡ ನೆಟ್ಟು ಶುರು ಮಾಡುವವರಿಗೆ ಅದು ಸರಿ.

ಗಿಡ ಬೇಕಿದ್ದರೆ ನಮ್ಮ ಕಡೆ ಜಂಬಿಟ್ಟಿಗೆ ಇದೆಯಲ್ಲ. ಅದರಲ್ಲಿ ಕಬ್ಬಿಣ ತುಂಬಾ. ಗಿಡದ ಟ್ಯಾಂಕ್ ಮಾಡುವವರು ವಿದೇಶದಲ್ಲಿ ಲ್ಯಾಟರೈಟ್ ಪುಡಿಯನ್ನು ದುಡ್ಡು ಕೊಟ್ಟು ತಂದು ತಳಕ್ಕೆ ಹಾಕುತ್ತಿದ್ದರು. ನಮ್ಮಲ್ಲಿ ಅದರಲ್ಲೇ ಗೋಡೆ ಕಟ್ಟುತ್ತೇವೆ. ಕುಟ್ಟಿ ಜರಡಿ ಹಿಡಿದು, ತೆಳ್ಳಗೆ ಒಂದು ಪದರ ಹಾಕಿ, ಮೇಲೆ ಎರಡಿಂಚು ಮರಳು ಮುಚ್ಚಬೇಕು. ಆದರೆ ಒಮ್ಮೆ ಕೂರಿಸಿದ ಮೇಲೆ ಕೆದಕುವ ಹಾಗಿಲ್ಲ. ಕೆದಕಿದರೆ ಟ್ಯಾಂಕ್ ಪೂರ್ತಿ ಕೆಂಪು ರಾಡಿ. ಕೋರಿ ಇರುವ ಟ್ಯಾಂಕಿಗೆ ನಾನಾದರೆ ಹಾಕಲ್ಲ.

ಭದ್ರಾವತಿಯ_ಬಾಲು
ನಮ್ಮೂರಲ್ಲಿ ಕಬ್ಬಿಣದ ಕಾರ್ಖಾನೆಯ ಸ್ಲ್ಯಾಗ್, ಅಂದರೆ ಅದಿರು ಕರಗಿಸಿದ ಮೇಲೆ ಉಳಿಯುವ ಕಿಟ್ಟ, ಇದೆ. ಅದರಲ್ಲೂ ಕಬ್ಬಿಣ ಇರುತ್ತಲ್ಲ, ಹಾಕಬಹುದಾ?

ಭದ್ರಾವತಿ_ಫಿಲ್ಟರ್
ಊರಿನ ಮಾನ ತೆಗೀಬೇಡ ಮಾರಾಯ. ಸ್ಲ್ಯಾಗ್‌ನಲ್ಲಿ ಸುಣ್ಣದ ಅಂಶ ಜಾಸ್ತಿ, ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ) ಏರಿಬಿಡುತ್ತದೆ.

ಸಾಗರದಕ್ಕ
ಮಣ್ಣಿನ ಮಾತು ಬಂತಲ್ಲ, ಒಂದು ಎಚ್ಚರಿಕೆ. ಜಂಬಿಟ್ಟಿಗೆ ತರುವವರು ಅಡಿಕೆ ತೋಟದ ಅಂಚಿನ ಮಣ್ಣು ತರಬೇಡಿ. ಕೊಳೆರೋಗಕ್ಕೆ ಪ್ರತಿ ಮಳೆಗಾಲ ಬೋರ್ಡೋ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತದಲ್ಲಿ ಇರೋದು ತಾಮ್ರ. ವರ್ಷಗಟ್ಟಲೆ ಹೊಡೆದ ತಾಮ್ರ ಮಣ್ಣಲ್ಲೇ ಉಳಿದಿರುತ್ತದೆ. ಸೀಗಡಿ, ಬಸವನಹುಳು ಅದಕ್ಕೆ ಮೊದಲು ಸಾಯುತ್ತವೆ. ಮೀನಿಗೂ ಒಳ್ಳೇದಲ್ಲ. ನಮ್ಮ ಮಲೆನಾಡಿನ ಮೆದು ನೀರಲ್ಲಿ ತಾಮ್ರದ ವಿಷ ಇನ್ನೂ ಜೋರು. ಗಡಸು ನೀರಲ್ಲಿ ಅಷ್ಟು ತಟ್ಟಲ್ಲ.

ಕೊಪ್ಪದ_ಕಪ್ಪೆ
ಈ ಸಲ ಔಷಧಿ ಹೊಡೆಯೋಕೆ ಬಿಸಿಲೇ ಸಿಗ್ತಿಲ್ಲ ಅಕ್ಕ. ನಿಮ್ಮ ಕಡೆ ಹೇಗೆ?

ಸಾಗರದಕ್ಕ
ಒಂದು ಸುತ್ತು ಹೊಡೆದು ಮುಗಿಸಿದ್ವಿ, ಎರಡನೇದಕ್ಕೆ ಕಾಯ್ತಿದೀವಿ. ಆಳೂ ಸಿಗ್ತಿಲ್ಲ. ನಿನ್ನೆ ಎರಡು ತಾಸು ಹೊಳವಾಯ್ತು, ಅಷ್ಟೇ.

ನಿರ್ವಾಹಕ
ತೋಟದ ಮಾತಿಗೆ ಬೇರೆ ಎಳೆ ಇದೆ ಅಕ್ಕ.

ಬೆಂಗ್ಳೂರಲ್ಲಿರೋ_ಶಿವಮೊಗ್ಗದವ
ಇನ್ನೊಂದು. ನೀಲಿ ಕಲ್ಲಿನ ಜೊತೆ "ಬಿಳಿ ಚಿಪ್ಸ್" ಅಂದರಲ್ಲ, ಅದು ಮಾರ್ಬಲ್ ಇರಬಹುದು. ಒಂದು ಚೂರು ಹೊರಗೆ ತೆಗೆದು ಒರೆಸಿ, ಮೇಲೆ ವಿನೆಗರ್ ಹನಿ ಹಾಕಿ ನೋಡಿ. ಸಣ್ಣಗೆ ಗುಳ್ಳೆ ಬಂದರೆ ಸುಣ್ಣದ ಕಲ್ಲು. ಹೊಸ ಮರಳಿಗೂ ಇದೇ ಪರೀಕ್ಷೆ ಮಾಡಿ. ಹೊಳೆ ಮರಳಲ್ಲಿ ಚಿಪ್ಪಿನ ಚೂರು ಇದ್ದರೆ ಗೊತ್ತಾಗುತ್ತದೆ.

ವಿನೋಬನಗರ_ಟ್ಯಾಂಕ್
ಹಾಕಿದೆ. ಬಿಳಿಯದರಲ್ಲಿ ಗುಳ್ಳೆ ಬಂತು. ನೀಲಿಯದರಲ್ಲಿ ಏನೂ ಇಲ್ಲ. ಇದು ಕೆಟ್ಟದ್ದಾ?

ಬೆಂಗ್ಳೂರಲ್ಲಿರೋ_ಶಿವಮೊಗ್ಗದವ
ನಮ್ಮ ಬೆಂಗಳೂರಿನ ಬೋರ್ ನೀರಿಗಾದರೆ ಹೊರೆ, ಇಲ್ಲಿ ಮೊದಲೇ ಗಡಸು. ಆದರೆ ಅಲ್ಲಿ ಅದೇ ನಿಮ್ಮ ಟ್ಯಾಂಕನ್ನು ಕಾಪಾಡಿರಬಹುದು. ಗಾಜನೂರಿನಿಂದ ಬರುವ ತುಂಗಾ ನೀರು ಮೆದು. ಅದರಲ್ಲಿ ಕಾರ್ಬೊನೇಟ್ ಕಮ್ಮಿ. ಆ ಬ್ಯಾಕ್ಟೀರಿಯಾ ಅಮೋನಿಯಾ ತಿನ್ನುವಾಗ ಆಮ್ಲ ಹುಟ್ಟುತ್ತದೆ, ಕಾರ್ಬೊನೇಟ್ ಖರ್ಚಾಗುತ್ತದೆ. ಅದು ಮುಗಿದರೆ ಪಿಎಚ್ ಇಳಿಯುತ್ತದೆ. ಪಿಎಚ್ 6ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾದ ಕೆಲಸವೂ ನಿಧಾನ. ಇಷ್ಟು ವರ್ಷ ಮಾರ್ಬಲ್ ಚೂರು ಸ್ವಲ್ಪ ಸ್ವಲ್ಪ ಕರಗಿ ಅದನ್ನು ತುಂಬಿಕೊಡುತ್ತಿತ್ತು. ನೀವು ಒಮ್ಮೆಲೇ ಎಲ್ಲ ತೆಗೆದು ಬರೀ ಮರಳು ಹಾಕಿದರೆ ತಳ ಬದಲಾಗೋದು ಮಾತ್ರ ಅಲ್ಲ, ನೀರೇ ಬದಲಾಗುತ್ತದೆ. ಕೋರಿ, ಟೆಟ್ರಾಗೆ ಖುಷಿ. ಮೋಲಿಗೆ ಆಗಲ್ಲ, ಅದಕ್ಕೆ ಗಡಸು ನೀರು ಬೇಕು.

ಹಳೇ_ಗಪ್ಪಿ
ಇದು ಸರಿಯಾದ ಮಾತು. ಎಲ್ಲರೂ ಬ್ಯಾಕ್ಟೀರಿಯಾ ಬ್ಯಾಕ್ಟೀರಿಯಾ ಅಂತ ಬಡಕೊಳ್ಳುತ್ತಾರೆ, ಕಲ್ಲು ನೀರಿಗೆ ಏನು ಬಿಡುತ್ತೆ ಅಂತ ಯಾರೂ ನೋಡಲ್ಲ. ಒಂದು ಹಿಡಿ ಮಾರ್ಬಲ್ ಚೂರನ್ನು ಜಾಲರಿ ಚೀಲದಲ್ಲಿ ಕಟ್ಟಿ ಫಿಲ್ಟರ್ ಪಕ್ಕ ಇಡಿ. ಪಿಎಚ್ ನೋಡಿಕೊಂಡು ನಿಧಾನ ಕಮ್ಮಿ ಮಾಡಿ. ಇಲ್ಲದಿದ್ದರೆ ಮೋಲಿಗಳನ್ನು ಯಾರಿಗಾದರೂ ಕೊಡಿ.

ಭದ್ರಾವತಿ_ಫಿಲ್ಟರ್
ಮೆದು ನೀರಿಂದ ಒಂದು ಅನುಕೂಲವೂ ಇದೆ. ಒಟ್ಟು ಅಮೋನಿಯಾದಲ್ಲಿ ನಿಜವಾದ ವಿಷದ ಪಾಲು ಪಿಎಚ್ ಮೇಲೆ ಹೋಗುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಸುಮಾರು ಶೇ 0.5, ಪಿಎಚ್ 8 ಆದರೆ ಸುಮಾರು ಶೇ 5. ಅಂದರೆ ಹತ್ತು ಪಟ್ಟು. ಬೆಂಗಳೂರಲ್ಲಿ ಸಾಯುವ ಮೀನು ಶಿವಮೊಗ್ಗದಲ್ಲಿ ಬದುಕಿಬಿಡಬಹುದು. ಗೋಲ್ಡ್‌ಫಿಶ್ ಅಣ್ಣನ ಟ್ಯಾಂಕ್ ಇಷ್ಟು ದಿನ ನಡೆದಿರೋದು ಹೀಗೇ ಇರಬೇಕು.

ಗೋಪಾಳ_ಗೋಲ್ಡ್‌ಫಿಶ್
ಅಂತೂ ನಮ್ಮ ವಿಧಾನ ಸರಿ ಅಂತ ಒಪ್ಪಿಕೊಂಡ್ರಿ!

ಭದ್ರಾವತಿ_ಫಿಲ್ಟರ್
ನಿಮ್ಮ ನೀರು ಸರಿ ಅಂದೆ.

ವಿನೋಬನಗರ_ಟ್ಯಾಂಕ್
ಇಷ್ಟೊಂದು ಉತ್ತರಕ್ಕೆ ಥ್ಯಾಂಕ್ಸ್. ಮಾವನವರ ಹತ್ತಿರ ಇದನ್ನೆಲ್ಲ ಓದಿ ಹೇಳಿದೆ. ಅವರು ನಕ್ಕು, "ಕಲ್ಲು ತೆಗೆದರೆ ಅಡಿಯ ತಟ್ಟೆ ಏನು ಮಾಡ್ತೀರಿ?" ಅಂದರು. ಕಲ್ಲಿನ ಕೆಳಗೆ ತೂತಿನ ಪ್ಲಾಸ್ಟಿಕ್ ತಟ್ಟೆ ಇದೆಯಂತೆ. ಹಿಂದಿನ ಮೂಲೆಯಲ್ಲಿ ಒಂದು ಪೈಪ್ ಮೇಲೆ ಬಂದಿದೆ, ಏರ್ ಪಂಪಿನ ಟ್ಯೂಬ್ ಅದರೊಳಗೆ ಹೋಗಿದೆ. ನಾನು ಅದು ಗುಳ್ಳೆಗೆ ಅಂತಲೇ ತಿಳಿದಿದ್ದೆ. ಇದರಿಂದ ಏನಾದರೂ ವ್ಯತ್ಯಾಸ ಆಗುತ್ತಾ?

ಭದ್ರಾವತಿ_ಫಿಲ್ಟರ್
ಪೂರ್ತಿ ಆಗುತ್ತದೆ! ನಾನು ಮೇಲೆ "ಸುಲಭ" ಅಂದಿದ್ದು, "ಎರಡು ವಾರ" ಅಂದಿದ್ದು ಎರಡನ್ನೂ ಬಿಟ್ಟುಬಿಡಿ. ಅದು ಅಂಡರ್ ಗ್ರಾವೆಲ್ ಫಿಲ್ಟರ್. ಪೈಪಲ್ಲಿ ಗುಳ್ಳೆ ಏರುವಾಗ ನೀರನ್ನೂ ಮೇಲಕ್ಕೆ ಎಳೆಯುತ್ತದೆ. ಆ ನೀರು ಬರೋದು ತಟ್ಟೆಯ ಕೆಳಗಿಂದ. ಅಲ್ಲಿಗೆ ಹೋಗಬೇಕಾದರೆ ಇಡೀ ಕಲ್ಲಿನ ಹಾಸನ್ನು ದಾಟಬೇಕು. ಅಂದರೆ ನಿಮ್ಮ ಟ್ಯಾಂಕಿನಲ್ಲಿ ಆ ಕಲ್ಲೇ ಫಿಲ್ಟರ್. ಗಾಜಿಗೆ ಅಂಟಿಸಿದ ಪುಟ್ಟ ಪವರ್ ಫಿಲ್ಟರ್ ಸುಮ್ನೆ ಕಸ ಹಿಡಿಯೋದಕ್ಕೆ. ಕಲ್ಲು ತೆಗೆದ ದಿನ ಟ್ಯಾಂಕಿಗೆ ಫಿಲ್ಟರೇ ಇಲ್ಲದ ಹಾಗೆ.

ಮತ್ತೆ ಆ ತಟ್ಟೆಯ ಮೇಲೆ ಮರಳು ಹಾಕುವ ಹಾಗೂ ಇಲ್ಲ. ತೂತಿನಲ್ಲಿ ಇಳಿದು ಕಟ್ಟಿಕೊಳ್ಳುತ್ತದೆ. ತಟ್ಟೆ ತೆಗೆಯಲೇಬೇಕು.

ಹಳೇ_ಗಪ್ಪಿ
ಮಾವನ ಮಾತು ಕೇಳಿ ಅಂತ ಮೊದಲೇ ಹೇಳಿದ್ದೆ. ಆ ಕಾಲದಲ್ಲಿ ಎಲ್ಲರೂ ಕೂರಿಸುತ್ತಿದ್ದದ್ದು ಅದನ್ನೇ. ಒಳ್ಳೇ ಫಿಲ್ಟರ್, ಈಗಿನವರು ಸುಮ್ನೆ ಹೀಯಾಳಿಸುತ್ತಾರೆ. ಆದರೆ ವರ್ಷಗಟ್ಟಲೆ ತಟ್ಟೆಯ ಕೆಳಗೆ ಗಸಿ ಕೂತಿರುತ್ತದೆ. ಮೀನು ಒಳಗಿರುವಾಗ ಎತ್ತಿದರೆ ಅಷ್ಟೂ ಒಮ್ಮೆಲೇ ನೀರಿಗೆ. ಗಾಳಿ ಆಡದ ಜಾಗದಲ್ಲಿ ಕೊಳೆತ ಮೊಟ್ಟೆ ವಾಸನೆಯ ಅನಿಲವೂ ಇರಬಹುದು, ಹೈಡ್ರೋಜನ್ ಸಲ್ಫೈಡ್. ಅದು ಅಮೋನಿಯಾಕ್ಕಿಂತ ಬೇಗ ಕೊಲ್ಲುತ್ತದೆ.

ಸಾಗರದಕ್ಕ
ಹಾಗಾದರೆ ಅರ್ಧ ಅರ್ಧದ ಮಾತೇ ಇಲ್ಲ. ಮೀನು ಹೊರಗೆ ತೆಗೆದು ಒಂದೇ ದಿನ ಮಾಡಬೇಕು. ಆದರೆ ಅದಕ್ಕಿಂತ ಮೊದಲು ಬೇರೆ ಫಿಲ್ಟರ್ ತಯಾರಾಗಿರಬೇಕು.

ಭದ್ರಾವತಿ_ಫಿಲ್ಟರ್
ಅದೇ. ಈಗಲೇ ಏರ್ ಪಂಪಿಂದ ನಡೆಯುವ ಎರಡು ದೊಡ್ಡ ಸ್ಪಂಜ್ ಫಿಲ್ಟರ್ ತಂದು ಅದೇ ಟ್ಯಾಂಕಲ್ಲಿ ಓಡಿಸಿ. ಅಂಡರ್ ಗ್ರಾವೆಲ್ ಕೂಡ ನಡೆಯುತ್ತಲೇ ಇರಲಿ. ಕನಿಷ್ಠ ಆರು ವಾರ. ನಿಮ್ಮ ಮನೆಯಲ್ಲಿ ಹೀಟರ್ ಇಲ್ಲದಿದ್ದರೆ ಇನ್ನೂ ಜಾಸ್ತಿ ಬಿಡಿ, ಮಳೆಗಾಲದ ತಣ್ಣನೆ ನೀರಲ್ಲಿ ಬ್ಯಾಕ್ಟೀರಿಯಾ ನಿಧಾನ ಬೆಳೆಯುತ್ತದೆ. ದಸರಾ ರಜೆಗೆ ಮರಳು ಹಾಕಿ. ಅಷ್ಟರಲ್ಲಿ ಮಳೆಯೂ ಇಳಿದಿರುತ್ತದೆ.

ಕೆಲಸದ ಹಿಂದಿನ ವಾರ ಅಮೋನಿಯಾ, ನೈಟ್ರೈಟ್ ಕಿಟ್ ತಂದಿಟ್ಟುಕೊಳ್ಳಿ. ಮೀನಿಗಿಂತ ಕಿಟ್ ದುಬಾರಿ ಅಂತ ಎಲ್ಲರೂ ಗೊಣಗುತ್ತಾರೆ. ಅದಿಲ್ಲದಿದ್ದರೆ ನೀರು ತಿಳಿಯಾಗಿದೆ ಅಂತ ನಂಬಿ ಕೂರಬೇಕಾಗುತ್ತದೆ. ಅಮೋನಿಯಾಕ್ಕೆ ಬಣ್ಣ ಇಲ್ಲ.

ಮಳೆಹುಳ
ಕರೆಂಟಿನ ಕಥೆ ಯಾರೂ ಹೇಳಲಿಲ್ಲ. ನಮ್ಮದು ಆಗುಂಬೆ ಕಡೆ. ಗಾಳಿಗೆ ಒಂದು ಮರ ಲೈನ್ ಮೇಲೆ ಬಿದ್ದರೆ ಎರಡು ಮೂರು ದಿನ ಕತ್ತಲೆ. ಸ್ಪಂಜ್ ಇರಲಿ, ಪ್ಲೇಟ್ ಇರಲಿ, ಗಾಳಿ ನಿಂತರೆ ಆ ಬ್ಯಾಕ್ಟೀರಿಯಾಗೂ ಉಸಿರಾಟ ಇಲ್ಲ. ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಡಬ್ಬಿಯ ಒಳಗೆ ನೀರು ಓಡುವ ಕ್ಯಾನಿಸ್ಟರ್ ಫಿಲ್ಟರ್ ಇದ್ದವರು ತುಂಬಾ ಹೊತ್ತು ಕರೆಂಟ್ ಹೋಗಿ ಬಂದ ಮೇಲೆ ಹಾಗೇ ಸ್ವಿಚ್ ಹಾಕಬೇಡಿ. ಒಳಗಿನ ನಾರುವ ನೀರು ಚೆಲ್ಲಿ ಆಮೇಲೆ ಹಾಕಿ.

ಏರ್ ಪಂಪನ್ನು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಕೆಳಗಿದ್ದರೆ ಕರೆಂಟ್ ಹೋದಾಗ ಟ್ಯೂಬಲ್ಲಿ ನೀರು ವಾಪಸ್ ಇಳಿದು ಪಂಪು, ಸ್ವಿಚ್‌ಬೋರ್ಡು ಎಲ್ಲ ಒದ್ದೆ. ನೀರು ವಾಪಸ್ ಇಳಿಯದ ಹಾಗೆ ತಡೆಯುವ ಒಂದು ಚೆಕ್ ವಾಲ್ವ್ ಹಾಕಿದರೂ ಸಾಕು, ಅತಿ ಅಗ್ಗದ ವಸ್ತು.

ಕೊಪ್ಪದ_ಕಪ್ಪೆ
ಆಗುಂಬೆಯವರಿಗೆ ಟ್ಯಾಂಕ್ ಎಂತಕ್ಕೆ ಮಾರಾಯ್ರೆ, ಜಗಲಿಯಲ್ಲೇ ಮೀನು ಓಡಾಡಲ್ವಾ?

ಮಳೆಹುಳ
ಕೊಪ್ಪದವರು ಹೇಳೋ ಮಾತಾ ಅದು?

ವಿನೋಬನಗರ_ಟ್ಯಾಂಕ್
ಹಾಗಾದರೆ ದಸರಾಕ್ಕೆ ಅಂತ ಇಟ್ಟುಕೊಳ್ಳೋಣ. ಮಗಳನ್ನು ಒಪ್ಪಿಸಿದೆ. ಆ ದಿನ ಕೆಲಸ ಹೇಗೆ ಮಾಡೋದು, ಯಾರಾದರೂ ಮೊದಲಿಂದ ಹೇಳ್ತೀರಾ? ಎಷ್ಟು ಮರಳು ಬೇಕು?

ಸಾಗರದಕ್ಕ
ನಿಮ್ಮ ಟ್ಯಾಂಕಿಗೆ ಎರಡಿಂಚು ಅಂದರೆ ಸುಮಾರು ಹದಿನಾಲ್ಕು ಲೀಟರ್ ಆಗುತ್ತದೆ. ತೂಕದಲ್ಲಿ ಇಪ್ಪತ್ತು ಕೆಜಿ ಆಸುಪಾಸು. ಒಂದೂವರೆ ಇಂಚು ಸಾಕು ನನ್ನ ಕೇಳಿದರೆ, ಗಿಡ ಇಲ್ಲವಲ್ಲ.

ಮರಳನ್ನು ಮೊದಲೇ ತಂದು ಜರಡಿ ಹಿಡಿದು ಬಕೆಟಿಗೆ ಸ್ವಲ್ಪ ಸ್ವಲ್ಪ ಹಾಕಿ ತೊಳೆಯಿರಿ. ಕೈ ಆಡಿಸಿ, ರಾಡಿ ನೀರು ಚೆಲ್ಲಿ, ಮತ್ತೆ ನೀರು. ನೀರು ತಿಳಿಯಾಗೋವರೆಗೆ. ಬೇಜಾರು ಬರುತ್ತದೆ, ಆದರೆ ಇಲ್ಲಿ ಸೋಮಾರಿತನ ಮಾಡಿದರೆ ಆಮೇಲೆ ವಾರಗಟ್ಟಲೆ ಬಗ್ಗಡ ನೋಡಬೇಕು. ಸೋಪಿನ ಬಕೆಟ್ ಬೇಡ.

ಹಿಂದಿನ ದಿನ ಮೀನಿಗೆ ಊಟ ಹಾಕಬೇಡಿ. ಆ ದಿನ ಮೊದಲು ಹೀಟರ್ ಇದ್ದರೆ ಆಫ್ ಮಾಡಿ, ಬಿಸಿ ಹೀಟರ್ ನೀರಿಂದ ಹೊರಗೆ ಬಂದರೆ ಗಾಜು ಸೀಳುತ್ತದೆ. ದೊಡ್ಡ ಟಬ್ಬಿಗೆ ಟ್ಯಾಂಕಿನದೇ ನೀರು ತುಂಬಿಸಿ ಮೀನು ಬಿಡಿ. ಸ್ಪಂಜ್ ಫಿಲ್ಟರ್ ಎರಡನ್ನೂ ಅದೇ ಟಬ್ಬಲ್ಲಿ ಓಡಿಸಿ. ಮೇಲೆ ಏನಾದರೂ ಮುಚ್ಚಿ, ಮೋಲಿ ಹಾರುತ್ತದೆ. ಮೇಲಿನ ತಿಳಿ ನೀರನ್ನು ಬೇರೆ ಬಕೆಟ್‌ಗಳಲ್ಲಿ ಎತ್ತಿಡಿ. ಆಮೇಲೆ ಕಲ್ಲು ತೋಡಿ ತೆಗೆಯೋದು. ತಟ್ಟೆ ಎತ್ತಿ, ಗಸಿ ಪೂರ್ತಿ ಸೈಫನ್ ಮಾಡಿ ಚೆಲ್ಲಿ. ಆ ನೀರು ಹೂವಿನ ಗಿಡಕ್ಕೆ ಬಂಗಾರ.

ಗೋಪಾಳ_ಗೋಲ್ಡ್‌ಫಿಶ್
ಹಳೇ ನೀರು ಎತ್ತಿಡೋದು ಬ್ಯಾಕ್ಟೀರಿಯಾಗೆ ಅಲ್ವಾ? ಈಗಷ್ಟೇ ನೀರಲ್ಲಿ ಇರಲ್ಲ ಅಂದ್ರಿ.

ಭದ್ರಾವತಿ_ಫಿಲ್ಟರ್
ಬ್ಯಾಕ್ಟೀರಿಯಾಗೆ ಅಲ್ಲ. ಪಿಎಚ್, ಗಡಸುತನ, ಬಿಸಿ ಇವು ಒಮ್ಮೆಲೇ ಬದಲಾಗಬಾರದು ಅಂತ. ಅರ್ಧದಷ್ಟು ಹಳೇ ನೀರು, ಅರ್ಧ ಹೊಸದು. ಹೊಸ ನಲ್ಲಿ ನೀರಿಗೆ ಆಂಟಿ ಕ್ಲೋರಿನ್ ಹಾಕಿ, ಇಲ್ಲದಿದ್ದರೆ ಹಿಂದಿನ ದಿನವೇ ಹಿಡಿದಿಟ್ಟು ಗಾಳಿ ಬಿಡಿ. ಈ ಸಲ ಒಳ್ಳೇ ಪ್ರಶ್ನೆ ಕೇಳಿದಿರಿ ಅಣ್ಣ.

ಕೊಪ್ಪದ_ಕಪ್ಪೆ
ಮರಳಿನ ಮೇಲೆ ನೀರು ಸುರಿಯುವಾಗ ಒಂದು ಅಡಿಕೆ ಹಾಳೆ ತಟ್ಟೆ ಇಟ್ಟು ಅದರ ಮೇಲೆ ಸುರಿಯಿರಿ. ಮರಳು ಏಳಲ್ಲ.

ಶೃಂಗೇರಿ_ಸೊಪ್ಪು
ಹಾಳೆ ತೇಲುತ್ತಲ್ಲ ಮಾರಾಯ. ಪಿಂಗಾಣಿ ತಟ್ಟೆ ಇಡಿ.

ಕೊಪ್ಪದ_ಕಪ್ಪೆ
ಮೇಲೆ ಒಂದು ಕಲ್ಲಿಟ್ಟರೆ ತೇಲಲ್ಲ. ಎಲ್ಲ ಹೇಳಿಕೊಡಬೇಕಾ?

ಸಾಗರದಕ್ಕ
ತೋಟದ ಹಾಳೆ ಅಂದರೆ ಮತ್ತೆ ಮೈಲುತುತ್ತ. ಪಿಂಗಾಣಿನೇ ಇಡಿ.

ಹಳೇ_ಗಪ್ಪಿ
ತೆಗೆದ ಕಲ್ಲಿನಲ್ಲಿ ಒಂದೆರಡು ಸೇರು ಎಸೆಯಬೇಡಿ. ಟ್ಯಾಂಕ್ ನೀರಲ್ಲೇ ಅಲುಬಿ, ಹಳೇ ಕಾಲುಚೀಲದಲ್ಲಿ ಕಟ್ಟಿ, ಮರಳಿನ ಮೇಲೆ ಸ್ಪಂಜ್ ಫಿಲ್ಟರ್ ಪಕ್ಕ ಒಂದು ತಿಂಗಳು ಇಡಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ನೋಡೋಕೆ ಚಂದ ಇರಲ್ಲ, ಇರಲಿ. ಬಣ್ಣ ಸುಲಿದ ಚೂರು ಮಾತ್ರ ಆರಿಸಿ ಬಿಸಾಕಿ.

ಮತ್ತೆ ಟ್ಯಾಂಕಲ್ಲಿ ನೀರು, ಕಲ್ಲು ಇರುವಾಗ ಅದನ್ನು ಎತ್ತಿ ಸರಿಸೋಕೆ ಹೋಗಬೇಡಿ. ಅಡಿ ಗಾಜು ಬಿರುಕು ಬಿಡುತ್ತದೆ.

ಭದ್ರಾವತಿ_ಫಿಲ್ಟರ್
ಮುಗಿದ ಮೇಲೆ ಒಂದು ದಿನ ಊಟ ಬೇಡ, ಆಮೇಲೆ ಒಂದು ವಾರ ಚಿಟಿಕೆ ಮಾತ್ರ. ದಿನಾ ಪರೀಕ್ಷೆ ಮಾಡಿ. ಅಮೋನಿಯಾ ಆಗಲಿ ನೈಟ್ರೈಟ್ ಆಗಲಿ ಕಂಡರೆ ನಾಲ್ಕನೇ ಒಂದು ಪಾಲು ನೀರು ಬದಲಾಯಿಸಿ. ಪವರ್ ಫಿಲ್ಟರನ್ನು ಮರಳಿನಿಂದ ಮೇಲಕ್ಕೆ ಅಂಟಿಸಿ, ಮರಳು ಎಳೆದುಕೊಂಡರೆ ಒಳಗಿನ ಚಕ್ರ ಸವೆದು ಗರಗರ ಅನ್ನುತ್ತದೆ.

ಶೃಂಗೇರಿ_ಸೊಪ್ಪು
ಮರಳು ಒತ್ತಾಗಿ ಕೂತರೆ ಕಪ್ಪು ಕಲೆ ಬರುತ್ತದೆ. ಆಗಾಗ ಒಂದು ಕಡ್ಡಿಯಿಂದ ಕೆದಕಿ. ಮಲೇಷಿಯನ್ ಟ್ರಂಪೆಟ್ ಬಸವನಹುಳು ನಾಲ್ಕು ಬಿಟ್ಟರೆ ಅವೇ ಉಳುತ್ತವೆ. ಆಮೇಲೆ ನಾಲ್ಕು ನಾನೂರಾದರೆ ನನ್ನ ಬೈಯಬೇಡಿ.

ತೀರ್ಥಳ್ಳಿ_ಮಾಣಿ
ಮರಳು ಹಾಕಿದ ಮೇಲೆ ನಮ್ಮ ಹೊಳೆಯದೇ ಒಂದು ಮೀನು ಇಡಬಹುದು. ಬೋಟಿಯಾ ಸ್ಟ್ರಯಾಟಾ, ಮೈತುಂಬ ಪಟ್ಟೆ ಇರುವ ಲೋಚ್. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ, ತುಂಗೆಯಲ್ಲೂ ಇದೆ. ಬಸವನಹುಳುವನ್ನು ಚಪ್ಪರಿಸಿ ತಿನ್ನುತ್ತದೆ. ಹಿಡಿಯೋದು ಹೇಗೆ ಅಂದರೆ...

ನಿರ್ವಾಹಕ
ಅಳಿವಿನ ಅಂಚಿನ ಪಟ್ಟಿಯಲ್ಲಿರುವ ಮೀನು ಅದು. ಹೊಳೆಯಲ್ಲೇ ಇರಲಿ. ಚಿಪ್ಪಲಗುಡ್ಡೆ, ಶೃಂಗೇರಿ ಕಡೆಯ ಮತ್ಸ್ಯಧಾಮದಲ್ಲಂತೂ ಮೀನಿಗೆ ಮಂಡಕ್ಕಿ ಹಾಕಬಹುದು, ಬಲೆ ಹಾಕುವ ಹಾಗಿಲ್ಲ.

ತೀರ್ಥಳ್ಳಿ_ಮಾಣಿ
ಹಿಡಿಯೋದು ತಪ್ಪು ಅಂತಲೇ ಬರೆಯೋಕೆ ಹೊರಟಿದ್ದೆ.

ಕೊಪ್ಪದ_ಕಪ್ಪೆ
ಹೌದಾ!

ವಿನೋಬನಗರ_ಟ್ಯಾಂಕ್
ಎಲ್ಲ ಬರೆದಿಟ್ಟುಕೊಂಡೆ. ನಾಳೆ ಸ್ಪಂಜ್ ಫಿಲ್ಟರ್ ತರುತ್ತೇವೆ. ಮೋಲಿಗಳನ್ನು ನಮ್ಮ ಚಿಕ್ಕಮ್ಮನ ಮನೆಗೆ ಕೊಡೋದು ಅಂತ ಆಯಿತು, ಅವರದು ಬೋರ್ ನೀರು. ಇನ್ನು ಸಕ್ಕರ್ ಫಿಶ್ ಒಂದು ಉಳಿಯಿತು. ಹೊಸ ಮರಳನ್ನೆಲ್ಲ ಅದು ಕೆದಕಿ ಗುಡ್ಡೆ ಮಾಡುತ್ತೆ ಅಂತ ಮಾವ ಹೇಳ್ತಿದ್ದಾರೆ. ಹೊಳೆಗೆ ಬಿಟ್ಟರೆ ಹೇಗೆ?

ಸಾಗರದಕ್ಕ
ಬೇಡ!

ಭದ್ರಾವತಿ_ಫಿಲ್ಟರ್
ದಯವಿಟ್ಟು ಬೇಡ. ಅದು ದಕ್ಷಿಣ ಅಮೆರಿಕದ ಮೀನು. ಮೈಯೆಲ್ಲ ಗಟ್ಟಿ ಚಿಪ್ಪು, ಇಲ್ಲಿ ಅದನ್ನು ತಿನ್ನುವವರು ಕಮ್ಮಿ. ದಡದ ಮಣ್ಣಲ್ಲಿ ಬಿಲ ಕೊರೆದು ಮರಿ ಮಾಡುತ್ತದೆ. ನಮ್ಮ ದೇಶದ ಎಷ್ಟೋ ಹೊಳೆ ಕೆರೆಗಳಲ್ಲಿ ಹೀಗೇ ಬಿಟ್ಟು ಬಿಟ್ಟು ಬಲೆಗೆ ಅದೇ ಬೀಳುವ ಹಾಗಾಗಿದೆ. ದೊಡ್ಡ ಟ್ಯಾಂಕ್ ಇರುವ ಯಾರಿಗಾದರೂ ಕೊಡಿ.

ವಿನೋಬನಗರ_ಟ್ಯಾಂಕ್
ಸರಿ, ಬಿಡಲ್ಲ. ಇಲ್ಲಿ ಯಾರಿಗಾದರೂ ಬೇಕಾ? ದುಡ್ಡು ಬೇಡ, ಬಂದು ತಗೊಂಡು ಹೋಗಿ.

ಗೋಪಾಳ_ಗೋಲ್ಡ್‌ಫಿಶ್
ನಾನು ಹತ್ತಿರದಲ್ಲೇ ಇದ್ದೇನೆ. ಎಷ್ಟು ಉದ್ದ ಇದೆ?

ವಿನೋಬನಗರ_ಟ್ಯಾಂಕ್
ಒಂದು ಗೇಣಿಗಿಂತ ಜಾಸ್ತಿ.

ಗೋಪಾಳ_ಗೋಲ್ಡ್‌ಫಿಶ್
ಅಷ್ಟು ದೊಡ್ಡದಾ? ಮನೆಯಲ್ಲಿ ಕೇಳಿ ಹೇಳುತ್ತೇನೆ.